ಸೋಪ್ಕೊ ಮನೆಯ ಮೂಡಣ ಗೋಡೆ

ಮಣ್ಣು ತುಳಿಯುವವಳಿಗೆ ಮೊದಲು ಹೋಗುವುದು ಹಿಮ್ಮಡಿ. ಆಮೇಲೆ ಮೊಣಕಾಲು. ಆಮೇಲೆ ಸೊಂಟ. ಗಿಜೆಲಾಗೆ ಇಪ್ಪತ್ತಾರು ವರ್ಷ. ಅವಳ ಹಿಮ್ಮಡಿ ಒಡೆದು ಎಷ್ಟೋ ಕಾಲವಾಗಿತ್ತು. ಮೊಣಕಾಲು ಇವತ್ತೋ ನಾಳೆಯೋ ಅನ್ನುತ್ತಿತ್ತು.

ಯುದ್ಧ ಮುಗಿದು ಎರಡು ವರ್ಷ. ಜರ್ಮನ್ನರು ಹಿಂದಕ್ಕೆ ಓಡುವಾಗ ಸ್ಲೊವಾಕಿಯಾದ ಮೂಡಣ ಗುಡ್ಡಗಾಡಿನ ಊರುಗಳನ್ನು ಸಾಲಾಗಿ ಸುಟ್ಟು ಹೋಗಿದ್ದರು. ಮೇಲೂರೂ ಸುಟ್ಟಿತ್ತು. ಈಗ ಅಲ್ಲಿನ ಗಾಜೋಗಳಿಗೆಲ್ಲ ಒಂದೇ ಬೇಸಿಗೆಯಲ್ಲಿ ಮನೆ ಏಳಬೇಕು. ಗಾಜೋ ಅಂದರೆ ರೋಮಾ ಅಲ್ಲದವನು; ರೋಮಾಗಳನ್ನು ಸಿಗಾನರು, ಹೆಂಗಸಾದರೆ ಸಿಗಾಂಕಾ, ಎಂದು ಹೀಗಳೆಯುವವನು. ಹೊಲ ಇರುವವನು, ಬಾವಿ ಇರುವವನು, ಗೇಟು ಇರುವವನು ಅಂತಲೂ ತಿಳಿದುಕೊಳ್ಳಬಹುದು. ಮನೆಗೆ ಹಸಿ ಇಟ್ಟಿಗೆ ಬೇಕು. ಹಸಿ ಇಟ್ಟಿಗೆಗೆ ಹಳ್ಳದಂಚಿನ ಕೇರಿಯ ರೋಮಾ ಹೆಂಗಸರ ಕಾಲು ಬೇಕು. ಕಾಲು ಬೇಕು, ಕಾಲಿನ ಮೇಲಿರುವ ಹೆಂಗಸು ಬೇಡ. ಅವಳು ಬಾವಿ ಮುಟ್ಟುವ ಹಾಗಿಲ್ಲ. ಮಧ್ಯಾಹ್ನ ಊಟ ಹಾಕಿದರೆ ಕೊಟ್ಟಿಗೆಯ ಬಾಗಿಲಲ್ಲಿ, ಒಡಕು ತಟ್ಟೆಯಲ್ಲಿ.

ಸೋಪ್ಕೊ ಊರ ಸಮಿತಿಯ ಅಧ್ಯಕ್ಷ. ಅವನ ಮನೆಯೇ ಮೊದಲು ಏಳಬೇಕು. ನಾಲ್ಕು ಸಾವಿರ ಇಟ್ಟಿಗೆ ಅಂದ. ಕೂಲಿ ಅಂದರೆ ಚಳಿಗಾಲಕ್ಕಾಗುವಷ್ಟು ಆಲೂಗಡ್ಡೆ, ಜೊತೆಗೆ ಒಂದು ಡಬ್ಬಿ ಹಂದಿಕೊಬ್ಬು. ಗಿಜೆಲಾಳ ಗಂಡ ಬಾರ್ತೊಲ್ ತಲೆಯಾಡಿಸಿ ಒಪ್ಪಿಕೊಂಡ. ಬೇಡ ಅನ್ನಲು ಅವನ ಹತ್ತಿರ ಇನ್ನೊಂದು ಚಳಿಗಾಲ ಇರಲಿಲ್ಲ.

ಅವನು ಗುದ್ದಲಿಯಿಂದ ಮಣ್ಣು ಕೆಡಹುತ್ತಿದ್ದ. ಗಿಜೆಲಾ ಲಂಗ ಎತ್ತಿ ಸೊಂಟಕ್ಕೆ ಸಿಕ್ಕಿಸಿ, ನೀರು ಸುರಿದು, ಗೋಧಿ ಹೊಟ್ಟು ಎರಚಿ ತುಳಿಯುತ್ತಿದ್ದಳು. ಬೆಳಗಿನ ಮಣ್ಣು ಮೂಳೆಗೆ ಇಳಿಯುವಷ್ಟು ತಣ್ಣಗಿರುತ್ತದೆ. ಮಧ್ಯಾಹ್ನದ ಹೊತ್ತಿಗೆ ಕಾಲು ಕಿತ್ತರೆ ಬರುವುದಿಲ್ಲ. ಹದ ಬಂದಿದೆಯೋ ಇಲ್ಲವೋ ಎಂದು ಕಣ್ಣಿಗೆ ಗೊತ್ತಾಗುವುದಿಲ್ಲ, ಅಂಗಾಲಿಗೇ ಗೊತ್ತಾಗಬೇಕು. ಆಮೇಲೆ ಬಾಗಿ ಅಚ್ಚಿಗೆ ತುಂಬಿ, ಹೊತ್ತು, ಹುಲ್ಲಿನ ಮೇಲೆ ಕವುಚಿ, ಮತ್ತೆ ಬಾಗಬೇಕು. ದಿನಕ್ಕೆ ಇನ್ನೂರು ಸಲ.

ಜುಲೈ ಮಳೆಗೆ ಮಣ್ಣುಗುಂಡಿಯ ಒಂದು ಪಕ್ಕ ನೀರು ನಿಂತಿತು. ಗಿಜೆಲಾ ಇನ್ನೊಂದು ಪಕ್ಕದ ದಡ ತೋರಿಸಿ ಇಲ್ಲಿ ಅಗೆ ಎಂದಳು ಗಂಡನಿಗೆ. ಅಲ್ಲೇ ಕೂತು ಹೊಟ್ಟು ಜರಡಿ ಹಿಡಿಯುತ್ತಿದ್ದ ಅತ್ತೆ ಹಾನ್ಯಾ ತಲೆಯೆತ್ತಿದಳು.

"ಆ ಮೂಲೆ ಬೇಡ, ಬೋರಿ." ಸೊಸೆಯನ್ನು ಅವರು ಕರೆಯುವುದೇ ಹಾಗೆ.

"ಯಾಕೆ ಬೇಡ?"

"ಅಲ್ಲಿ ಮಣ್ಣು ಸಪ್ಪೆ. ಇಟ್ಟಿಗೆ ನಿಲ್ಲಲ್ಲ."

"ನಾನು ಕಲಸಿದ್ದೆಲ್ಲ ನಿಮಗೆ ಸಪ್ಪೇನೆ. ಸಾರೂ ಸಪ್ಪೆ, ಮಣ್ಣೂ ಸಪ್ಪೆ."

ಬಾರ್ತೊಲ್ ನಕ್ಕ. ಮುದುಕಿ ನಗಲಿಲ್ಲ. "ಬೇಡ ಅಂದೆ, ಅಷ್ಟೆ," ಎಂದು ಜರಡಿಯನ್ನು ಅಲ್ಲೇ ಬಿಟ್ಟು ಗುಡಿಸಲಿಗೆ ಹೋದಳು. ಮಾರನೆಯ ದಿನ ಬರಲಿಲ್ಲ. ಅದರಾಚೆಯ ದಿನವೂ ಬರಲಿಲ್ಲ. ಬೆನ್ನುನೋವು ಎಂದು ಗೋಡೆ ಕಡೆ ಮುಖ ಮಾಡಿ ಮಲಗಿದ್ದಳು.

"ನಿಮ್ಮವ್ವನಿಗೆ ಮೈಗಳ್ಳತನ ಈಗ ಬಂತು ನೋಡು," ಎಂದಳು ಗಿಜೆಲಾ. ಮಣ್ಣು ಸಪ್ಪೆಯಾಗಿರಲಿಲ್ಲ. ಬೆಣ್ಣೆಯ ಹಾಗಿತ್ತು. ಎರಡನೆಯ ದಿನ ಅಂಗಾಲಿಗೆ ಸಣ್ಣ ಕಡ್ಡಿಗಳು ಚುಚ್ಚಿದವು. ಬೇರು ಅಂದುಕೊಂಡಳು. ಕೈಗೆ ಸಿಕ್ಕಿದ್ದನ್ನು ಎತ್ತಿ ಎಸೆದಳು. ಸಿಗದಿದ್ದನ್ನು ತುಳಿದಳು.

ಆಗಸ್ಟ್ ಕೊನೆಗೆ ಸೋಪ್ಕೊ ಮನೆಯ ಗೋಡೆಗಳು ಎದ್ದವು. ಗುಂಡಿಯ ಆ ಮೂಲೆಯ ಇಟ್ಟಿಗೆಯೆಲ್ಲ ಮೂಡಣ ಗೋಡೆಗೆ ಹೋಗಿತ್ತು. ಈಗ ಗೋಡೆಗೆ ಮಣ್ಣು ಮೆತ್ತಬೇಕು. ಅದಕ್ಕೂ ರೋಮಾ ಹೆಂಗಸೇ ಬೇಕು, ಈ ಸಲ ಅಂಗೈಗೆ. ಸೋಪ್ಕೊನ ಹೆಂಡತಿ ಪಾವ್ಲಿನಾ ಮಜ್ಜಿಗೆ ತಂದು ಹತ್ತು ಹೆಜ್ಜೆ ದೂರದಲ್ಲಿ ನೆಲದ ಮೇಲಿಟ್ಟು ಹೋದಳು. ಗಿಜೆಲಾ ಮೂಡಣ ಗೋಡೆಯ ಮೇಲೆ ಅಂಗೈ ಆಡಿಸುತ್ತಿದ್ದಳು. ಎದೆಮಟ್ಟದ ಒಂದು ಇಟ್ಟಿಗೆಯಿಂದ ಏನೋ ದಾರ ಬೆರಳಿಗೆ ಸಿಕ್ಕಿತು. ಹೊಟ್ಟಿನ ಎಳೆ ಎಂದು ಎಳೆದಳು. ಬರಲಿಲ್ಲ. ಉಗುರಿನಿಂದ ಕೆರೆದಳು. ಕೆಂಪು ಉಣ್ಣೆ. ಗಂಟು ಗಂಟಾಗಿ ಕಟ್ಟಿದ್ದು. ಕೊನೆಯ ಗಂಟಿನಲ್ಲಿ ಒಂದು ಹಿತ್ತಾಳೆ ಬಟನ್.

ದೃಷ್ಟಿಯಾಗದಿರಲಿ ಎಂದು ಕೇರಿಯ ಪ್ರತಿ ಕೂಸಿನ ಕೈಗೂ ಕೆಂಪು ದಾರ ಕಟ್ಟುತ್ತಾರೆ. ಹಿತ್ತಾಳೆ ಬಟನ್ ಮಾತ್ರ ಒಂದೇ ಕೂಸಿನ ಕೈಯಲ್ಲಿತ್ತು. ಬಾರ್ತೊಲ್‌ನ ಅಪ್ಪ ಹಳೆಯ ಚಕ್ರವರ್ತಿಯ ಸೈನ್ಯದಿಂದ ತಂದ ಕೋಟಿನ ಬಟನ್ ಅದು. ಅಂಚು ಸವೆದಿತ್ತು. ಗಿಜೆಲಾ ತಾನೇ ಪೋಣಿಸಿ ಕಟ್ಟಿದ್ದಳು.

ಅವಳು ಅಲ್ಲೇ ಕೂತಳು. ಲಂಗ ಸರಿಸಿ ತನ್ನ ಎರಡು ಕಾಲುಗಳನ್ನು ನೋಡಿಕೊಂಡಳು. ಬೇರು ಅಂದುಕೊಂಡಿದ್ದು ಯಾವುದು ಎಂದು ಅಂಗಾಲಿಗೆ ಈಗ ನೆನಪಾಯಿತು. ಕಾಲು ನೆಲಕ್ಕೆ ಊರಲು ಆಗಲಿಲ್ಲ. ಮಂಡಿಯ ಮೇಲೆ ತೆವಳಿಕೊಂಡು ಆ ಅಂಗಳ ದಾಟಿದಳು. ಪಾವ್ಲಿನಾ ಕಿಟಕಿಯ ಕಂಡಿಯಿಂದ ನೋಡಿ, ಕುಡಿದಿದ್ದಾಳೆ ಅಂದುಕೊಂಡಳು.

ಗುಡಿಸಲಿನಲ್ಲಿ ಹಾನ್ಯಾ ಆಲೂಗಡ್ಡೆ ಸುಲಿಯುತ್ತಿದ್ದಳು. ಗಿಜೆಲಾ ಅವಳ ಮಡಿಲಿಗೆ ದಾರ ಎಸೆದಳು. ಮುದುಕಿ ಅದನ್ನು ನೋಡಿ ತಲೆಬಟ್ಟೆಯನ್ನು ಮುಖದ ಮೇಲೆ ಎಳೆದುಕೊಂಡಳು.

"ಎಲ್ಲಿ ಇಟ್ಟಿದ್ರಿ?"

"ಹೇಳಬಾರದು ಕಣೇ. ಜಾಗ ಹೇಳಿದ್ರೆ ಎದ್ದು ಹಿಂದೆ ಬರ್ತಾರೆ. ನಮ್ಮತ್ತೆ ನಂಗೆ ಹೇಳಲಿಲ್ಲ. ನಾನು ನಿಂಗೆ ಹೇಳಲಿಲ್ಲ."

"ನಾನು ಅದೇ ಜಾಗ ತೋರಿಸಿ ಅಗಿಸ್ತಿದ್ದಾಗಲೂ?"

"ಬೇಡ ಅಂದೆನಲ್ಲ."

"ಸಪ್ಪೆ ಅಂದ್ರಿ. ನಿನ್ನ ಕೂಸಿದೆ ಅನ್ನಲಿಲ್ಲ."

ಕೇರಿಯ ಕಟ್ಟಳೆ ಅದು. ಸತ್ತವರ ಜಾಗ ತೋರಿಸಬಾರದು. ಸತ್ತವರ ಹೆಸರು ಹಿಡಿಯಬಾರದು. ಹೆಸರು ಹಿಡಿದರೆ ಕರೆದ ಹಾಗೆ, ಕರೆದರೆ ಬಂದೇ ಬರುತ್ತಾರೆ. ಎರಡೂವರೆ ವರ್ಷದಿಂದ ಆ ಮಗುವಿನ ಹೆಸರನ್ನು ಹೆತ್ತವಳೂ ಹೇಳಿರಲಿಲ್ಲ. ಈ ಕಥೆ ಹೇಳುವವರೂ ಹೇಳುವುದಿಲ್ಲ.

ಯುದ್ಧದ ಕೊನೆಯ ಚಳಿಗಾಲ ಕೇರಿಗೆ ವಿಷಮಜ್ವರ ಹೊಕ್ಕಿತ್ತು. ಹೇನು ತಂದ ಜ್ವರ. ಮೇಲೂರಿನವರು ದಾರಿಗೆ ಮರ ಅಡ್ಡ ಕೆಡವಿ, ಯಾರೂ ಹತ್ತಬಾರದು ಎಂದಿದ್ದರು. ವೈದ್ಯ ಬರಲಿಲ್ಲ. ಬ್ರೆಡ್ಡೂ ಬರಲಿಲ್ಲ. ಗಿಜೆಲಾ ಹನ್ನೆರಡು ದಿನ ಮೈಮೇಲೆ ಎಚ್ಚರವಿಲ್ಲದೆ ಬಿದ್ದಿದ್ದಳು. ಎಚ್ಚರವಾದಾಗ ತೊಟ್ಟಿಲಿನ ಪೆಟ್ಟಿಗೆಯಲ್ಲಿ ಈರುಳ್ಳಿ ಇತ್ತು. ಎಲ್ಲಿ ಎಂದು ಅವಳು ಕೇಳಲಿಲ್ಲ. ಕೇಳಬಾರದು.

"ನಾನು ಗುಂಡಿಗೆ ಹಾಕಬೇಕು ಅಂತ ಹಾಕಿದ್ನೇನೇ?" ಹಾನ್ಯಾ ತಲೆಬಟ್ಟೆಯೊಳಗಿಂದಲೇ ಮಾತಾಡಿದಳು. "ಮಡಿಲಲ್ಲಿ ಸುತ್ಕೊಂಡು ಸ್ಮಶಾನಕ್ಕೆ ಹತ್ತಿದೆ. ಮರದ ಕೆಳಗೆ ನುಸುಳಿ ಹೋದೆ. ಗೇಟಿಗೆ ಬೀಗ. ಸೋಪ್ಕೊ ಒಳಗೆ ಹುಲ್ಲೆತ್ತೋ ಮೊನೆಗೋಲು ಹಿಡ್ಕೊಂಡು ನಿಂತಿದ್ದ. ಸಿಗಾನರ ರೋಗ ನಮ್ಮ ಸತ್ತವರಿಗೆ ಅಂಟೋದು ಬೇಡ ಅಂದ."

"ಏನಂದ?"

"ನಮ್ಮ ಸತ್ತವರಿಗೆ ಅಂಟೋದು ಬೇಡ ಅಂದ. ಒಂದು ಮೊಳ ಜಾಗ ಸಾಕು ಅಂದೆ. ಗೇಟಿನ ಸಂದೀಲಿ ಅದರ ಮೊನೆ ತೂರಿಸಿ ನನ್ನ ಎದೆಗೆ ಇಟ್ಟ. ವಾಪಸ್ ಬಂದೆ. ನೆಲ ಕಲ್ಲಾಗಿತ್ತು. ಗುಂಡಿ ಒಳದಡ ಮಾತ್ರ ಮೆತ್ತಗಿತ್ತು. ಗುದ್ದಲಿ ಹಿಡಿಯೋ ಶಕ್ತಿ ನಂಗಿರಲಿಲ್ಲ. ಸೌಟಿನಲ್ಲಿ ತೋಡಿದೆ."

ಗಿಜೆಲಾ ಕೈ ಎತ್ತಿದ್ದಳು. ಹೊಡೆಯಬೇಕು ಎಂದೇ ಎತ್ತಿದ್ದಳು. ಸೌಟು ಎಂದ ಮೇಲೆ ಆ ಕೈ ಕೆಳಗೆ ಬಂತು. ಒಲೆಯ ಮೇಲೆ ನೀರು ಕುದಿದು ಚೆಲ್ಲಿತು.

"ಬೀಗ ಹಾಕಿದ್ದು ಯಾರು ಅಂದ್ರಿ?" ಎಂದಳು ಗಿಜೆಲಾ ಕೊನೆಗೆ. ಅವಳಿಗೆ ಕೇಳಿಸಿತ್ತು. ಆದರೂ ಇನ್ನೊಮ್ಮೆ ಹೇಳಿಸಿದಳು.

ಮಾರನೆಯ ಬೆಳಿಗ್ಗೆ ಅವಳು ಸೋಪ್ಕೊ ಎದುರು ನಿಂತಳು. ಅವನು ಬಾಗಿಲಿಗೆ ಚೌಕಟ್ಟು ಕೂರಿಸುತ್ತಿದ್ದ.

"ಏನೇ ಸಿಗಾಂಕಾ, ನಿನ್ನೆ ಅರ್ಧಕ್ಕೆ ಬಿಟ್ಟು ಓಡಿದೆಯಂತೆ? ಗೋಡೆ ನಿಮ್ಮಪ್ಪ ಬಂದು ಮೆತ್ತುತಾನಾ?"

"ಯಜಮಾನ್ರೆ, ಆ ಗೋಡೇಲಿ ನನ್ನ ಮಗು ಇದೆ."

"ಬೆಳಿಗ್ಗೇನೇ ಹಾಕ್ಕೊಂಡು ಬಂದ್ಯಾ?"

ಅವಳು ಬಟನ್ ತೋರಿಸಿದಳು. ಗುಂಡಿಯ ಜಾಗ ಹೇಳಿದಳು. ಗೇಟಿನ ದಿನ ಹೇಳಿದಳು. ಸೋಪ್ಕೊ ಸುತ್ತಿಗೆ ಕೆಳಗಿಟ್ಟ. ಮರೆತಿರಲಿಲ್ಲ ಅವನು. ಮರೆತವನಾಗಿದ್ದರೆ ನಗುತ್ತಿದ್ದ. ಅತ್ತಿತ್ತ ನೋಡಿ ದನಿ ತಗ್ಗಿಸಿದ.

"ಏನು ಬೇಕು ನಿಂಗೆ?"

"ಗೋಡೆ ಬಿಚ್ಚಿ. ಸ್ಮಶಾನದಲ್ಲಿ ಹೂಳಿ."

"ಹುಚ್ಚು ಹಿಡೀತಾ? ಇನ್ನು ಹದಿನೈದು ದಿನಕ್ಕೆ ಮಳೆ. ನೋಡು, ಒಂದು ಮೂಟೆ ಹಿಟ್ಟು ಜಾಸ್ತಿ ಕೊಡ್ತೀನಿ. ಬಿಳಿ ಹಿಟ್ಟು. ಬಾಯಿ ಮುಚ್ಕೊಂಡು ಮೆತ್ತು."

"ಬೇಡ."

"ಸರಿ, ಆ ಒಂದು ಇಟ್ಟಿಗೆ ಕಿತ್ತು ಕೊಡ್ತೀನಿ. ತಗೊಂಡು ಹೋಗಿ ಎಲ್ಲಾದ್ರೂ ಹೂಳ್ಕೋ."

"ಯಾವ ಇಟ್ಟಿಗೆ?" ಗಿಜೆಲಾಳ ದನಿ ಏರಲಿಲ್ಲ. "ನಾನು ಮೂರು ದಿನ ತುಳಿದಿದೀನಿ. ಯಾವ ಇಟ್ಟಿಗೇಲಿ ಕೈ ಇದೆ, ಯಾವುದರಲ್ಲಿ ತಲೆ ಇದೆ, ನೀನೇ ಹುಡುಕಿ ಕೊಡು."

ಹುಟ್ಟಿದಂದಿನಿಂದ ಅವಳು ಒಬ್ಬ ಗಾಜೋಗೆ ನೀನು ಅಂದಿದ್ದು ಅದೇ ಮೊದಲು. ಸೋಪ್ಕೊ ಅವಳ ಕೆನ್ನೆಗೆ ಹೊಡೆದ. ಅವಳು ಬೀಳಲಿಲ್ಲ. ಮಣ್ಣು ತುಳಿದ ಕಾಲು ಸುಲಭಕ್ಕೆ ಜಾರುವುದಿಲ್ಲ. ಹೋಗಿ ಮೂಡಣ ಗೋಡೆಯ ಎದುರು, ದಾರಿಯ ಅಂಚಿಗೆ ಕೂತಳು. ದಾರಿ ಯಾರಪ್ಪನದೂ ಅಲ್ಲ.

ಅಲ್ಲಿಂದ ಅವಳು ಮಗುವಿನ ಹೆಸರು ಹಿಡಿದು ಕೂಗಿದಳು.

ಕೇರಿಯಲ್ಲಿ ಅದು ಕೇಳಿಸಿತು. ಹೆಂಗಸರು ಮಕ್ಕಳನ್ನು ಒಳಗೆ ಎಳೆದುಕೊಂಡರು. ಬಾಗಿಲಿಗೆ ಉಪ್ಪು ಎರಚಿದರು. ಒಬ್ಬಳು ಕನ್ನಡಿಗೆ ಬಟ್ಟೆ ಹೊದಿಸಿದಳು. ತಾಯಿಯೇ ಕರೆದ ಮೇಲೆ ಬರದೆ ಇರುತ್ತದೆಯೇ? ಎಲ್ಲರಿಗಿಂತ ಹೆಚ್ಚು ಹೆದರಿದ್ದವಳು ಗಿಜೆಲಾಳೇ. ಮೊದಲ ಸಲ ಕೂಗಿದಾಗ ಗೋಡೆಯಿಂದ ಏನಾದರೂ ಓಗೊಟ್ಟೀತು ಎಂದು ಕಿವಿ ಮುಚ್ಚಿಕೊಂಡಳು. ಓಗೊಡಲಿಲ್ಲ. ಆಗ ಅವಳಿಗೆ ಇನ್ನೂ ಸಂಕಟವಾಯಿತು. ಮತ್ತೆ ಕೂಗಿದಳು.

ಸಂಜೆ ಬಾರ್ತೊಲ್ ಬಂದು ದಾರಿಯಾಚೆ ನಿಂತ. "ಬಾರೆ ಮನೆಗೆ. ಚಳಿಗಾಲಕ್ಕೆ ಏನು ತಿನ್ನೋದು ನಾವು?"

"ಆ ಗೋಡೆ ಮೆತ್ತಿ ತಂದ ಆಲೂಗಡ್ಡೆ ನಿನ್ನ ಗಂಟಲಲ್ಲಿ ಇಳಿಯತ್ತಾ?"

ಬಾರ್ತೊಲ್ ಕೇರಿಯ ಕಡೆ ತಿರುಗಿದ. ಹೆಂಗಸರ ಹಾಗೆ ಅಳಲು ಅವನಿಗೆ ಬರುವುದಿಲ್ಲ. ಮರುದಿನ ಪಾದ್ರಿಯ ಕಣಜಕ್ಕೆ ಮಣ್ಣು ಅಗೆಯಲು ಕರೆ ಬಂತು. ಗುದ್ದಲಿ ಮುರಿದಿದೆ ಎಂದ. ಗುದ್ದಲಿ ಅವನ ಕೈಯಲ್ಲೇ ಇತ್ತು.

ದಿನವೂ ಬೆಳಿಗ್ಗೆ ಅವಳು ಹೋಗುತ್ತಿದ್ದಳು. ದಿನವೂ ಕೂಗುತ್ತಿದ್ದಳು, ಆರು ವಾರದ ಕೂಸು ಎಂದು ದಾರಿಹೋಕರಿಗೆಲ್ಲ ಹೇಳುತ್ತಿದ್ದಳು. ಸೋಪ್ಕೊ ನಾಯಿ ಬಿಟ್ಟ. ನಾಯಿ ಬಂದು ಅವಳ ಪಕ್ಕ ಮಲಗಿತು. ಮೂರನೆಯ ದಿನ ಮೇಲೂರಿನ ಮಕ್ಕಳು ಅಣಕಿಸಿ ಅದೇ ಹೆಸರು ಕೂಗಿದರು. ಐದನೆಯ ದಿನ ಅಣಕ ನಿಂತಿತು, ಹೆಸರು ನಿಲ್ಲಲಿಲ್ಲ. ಹುಡುಗಿಯರು ಹಗ್ಗದಾಟ ಆಡುವಾಗ ಅದನ್ನೇ ಎಣಿಕೆಯ ಹಾಗೆ ಹೇಳಿದರು. ತಾಯಂದಿರು ಬಾಯಿಗೆ ಹೊಡೆದರು. ಪಾವ್ಲಿನಾ ಹಳೆಯ ಬಿಡಾರದಿಂದ ಹೊಸ ಮನೆಗೆ ಒಂದು ಪಾತ್ರೆಯನ್ನೂ ಸಾಗಿಸಲಿಲ್ಲ.

"ಆ ಗೋಡೆ ಪಕ್ಕ ನಾನು ಮಲಗಲ್ಲ," ಎಂದಳು ಗಂಡನಿಗೆ. "ಹಿಟ್ಟು ನಾದುವಾಗ ಆ ಹೆಸರು ನನ್ನ ಬಾಯಿಗೇ ಬರ್ತದೆ. ನಾನೇನು ಮಾಡ್ಲಿ?"

"ಬೇರೆ ಏನಾದ್ರೂ ಹಾಡ್ಕೋ."

"ಹಾಡಿದೆ. ನಡುವೆ ಅದೇ ಬರ್ತದೆ."

ಏಳನೆಯ ದಿನ ಪೊಲೀಸಿನವನು ಸೈಕಲ್ ಮೇಲೆ ಬಂದ. ಶಾಂತಿಭಂಗ ಎಂದ. ಗಿಜೆಲಾಳ ಕೈ ಕಟ್ಟಿ ಪೇಟೆಯವರೆಗೆ ಸೈಕಲ್ ಹಿಂದೆ ನಡೆಸಿಕೊಂಡು ಹೋದ. ಎಂಟನೆಯ ಬೆಳಿಗ್ಗೆ ದಾರಿ ಖಾಲಿ. ಸೋಪ್ಕೊ ಕಾಫಿ ಕುಡಿದ. ಎಷ್ಟೋ ದಿನದ ಮೇಲೆ ಬಾಯಿಗೆ ರುಚಿ ಹತ್ತಿತು. ಲೋಟ ಕೆಳಗಿಡುವುದರೊಳಗೆ ಮತ್ತೆ ಅದೇ ಹೆಸರು. ಈ ಸಲ ಒಡಕು ದನಿ, ಉಸಿರು ಸಾಲದ ದನಿ.

ಹಾನ್ಯಾ ಬಂದು ಕೂತಿದ್ದಳು. ಎಪ್ಪತ್ತು ವರ್ಷ ಸತ್ತವರ ಒಂದು ಹೆಸರನ್ನೂ ಹಿಡಿಯದ ಬಾಯಿ ಅದು. ಗಂಡನದನ್ನು ಹಿಡಿದಿರಲಿಲ್ಲ, ಸತ್ತ ನಾಲ್ಕು ಮಕ್ಕಳದನ್ನು ಹಿಡಿದಿರಲಿಲ್ಲ. ಮೊಮ್ಮಗಳ ಹೆಸರು ಕೂಗಿ, ಆಮೇಲೆ ಆ ನಾಲ್ಕು ಹೆಸರನ್ನೂ ಒಂದೊಂದಾಗಿ ಹೇಳಿದಳು. ಕೇರಿಯ ಹೆಂಗಸರು ಹಳ್ಳದ ಆಚೆ ನಿಂತು ಕೇಳಿದರು. ಮಧ್ಯಾಹ್ನದ ಹೊತ್ತಿಗೆ ಒಬ್ಬಳು ದಾಟಿ ಬಂದಳು. ಸಂಜೆಗೆ ಆರು ಜನ. ಆ ಚಳಿಗಾಲ ಕೇರಿಯಲ್ಲಿ ಹದಿನಾಲ್ಕು ಜನ ಸತ್ತಿದ್ದರು. ಹದಿನಾಲ್ಕು ಹೆಸರೂ ಮೇಲೂರಿನ ದಾರಿಯಲ್ಲಿ ಎದ್ದು ನಿಂತವು.

ಅಂದಿನಿಂದ ಕೇರಿಯ ಯಾವ ಹೆಂಗಸೂ ಮಣ್ಣಿಗೆ ಕಾಲಿಡಲಿಲ್ಲ. ಹನ್ನೊಂದು ಮನೆಗಳ ಗೋಡೆ ಅರ್ಧಕ್ಕೆ ನಿಂತವು. ಹಸಿ ಇಟ್ಟಿಗೆಗೆ ಸೂರಿಲ್ಲದೆ ಮಳೆ ಬಿದ್ದರೆ ಮನೆ ಮತ್ತೆ ಕೆಸರು. ಗಾಜೋಗಳು ತಾವೇ ತುಳಿದು ನೋಡಿದರು. ಅರ್ಧ ಗಂಟೆಗೆ ಬೂಟು ಕಳಚಿ ಕಾಲು ಉಜ್ಜಿಕೊಂಡರು. ಅವರು ಮಾಡಿದ ಇಟ್ಟಿಗೆ ಒಣಗುವ ಮೊದಲೇ ಬಿರುಕು ಬಿಟ್ಟಿತು. ಹತ್ತನೆಯ ದಿನ ಗಿಜೆಲಾಳನ್ನು ಪೇಟೆಯಿಂದ ಬಿಟ್ಟರು. ಹನ್ನೊಂದನೆಯ ದಿನ ಪಡುವಣದಲ್ಲಿ ಮೋಡ ಕಟ್ಟಿತು. ಧರ್ಮ ಹೇಳಲಾಗದ್ದನ್ನು ಮೋಡ ಹೇಳಿತು. ಮೇಲೂರಿನವರು ಸೋಪ್ಕೊ ಮೇಲೆ ಬಿದ್ದರು. ಪಾದ್ರಿ ಅವನನ್ನು ಮುಂದೆ ಬಿಟ್ಟುಕೊಂಡು ದಾರಿಯಂಚಿಗೆ ಬಂದರು.

"ಗೋಡೆ ಬಿಚ್ಚಿಸ್ತೀನಿ," ಎಂದ ಸೋಪ್ಕೊ, ಅವಳ ಮುಖ ನೋಡದೆ. "ನಿಮ್ಮ ಗಂಡಸರನ್ನ ಕರ್ಕೊಂಡು ಬಂದು ಹೊತ್ಕೊಂಡು ಹೋಗಿ. ಗೇಟು ತೆಗೆಸಿರ್ತೀನಿ."

"ನಾವು ಹೊರಲ್ಲ."

"ಮತ್ತೆ?"

"ಈ ಮಣ್ಣು ಅಗೆದದ್ದು ನಾವು. ತುಳಿದದ್ದು ನಾನು. ಅಚ್ಚು ಹಾಕಿದ್ದು, ಇಲ್ಲಿಗೆ ಹೊತ್ತದ್ದು ನಾವೇ. ಇನ್ನು ನೀನು ಹೊರು. ಗಾಡಿ ಬೇಡ. ಹೆಗಲ ಮೇಲೆ ಹೊರು."

ಪಾದ್ರಿ ಗಿಜೆಲಾಳನ್ನು ನೋಡಿ, "ಅಮ್ಮಾ, ಕ್ಷಮಿಸೋದು ದೊಡ್ಡ ಗುಣ," ಎಂದರು.

"ಇರಬಹುದು ಫಾದರ್. ಮೊದಲು ಹೊರಲಿ."

ಸೋಪ್ಕೊ ಹೊತ್ತ. ಅವನ ಇಬ್ಬರು ತಮ್ಮಂದಿರೂ ಹೊತ್ತರು. ಒಂದೊಂದು ಇಟ್ಟಿಗೆಯೂ ಕಲ್ಲಿನ ತೂಕ. ಬೆಳಗಿನಿಂದ ಸಂಜೆಯವರೆಗೆ ಅವರು ಊರ ನಡುವಿನ ದಾರಿಯಲ್ಲಿ ಸ್ಮಶಾನದ ಗುಡ್ಡ ಹತ್ತಿ ಇಳಿದರು. ಗಿಜೆಲಾ ಪ್ರತಿ ಇಟ್ಟಿಗೆಯನ್ನೂ ಕೆಳಗಿಡಿಸಿಕೊಂಡಳು. ಯಾರಾದರೂ ಎತ್ತಿ ಹಾಕಿದರೆ ಮತ್ತೆ ಎತ್ತಿಸಿ, ಮೆಲ್ಲಗೆ ಇಡಿಸಿದಳು. ಜಾಗ ಮಾತ್ರ ಬೇಲಿಯ ಮೂಲೆಯಲ್ಲೇ ಸಿಕ್ಕಿತು. ಆದರೆ ಬೇಲಿಯ ಒಳಗೆ. ಅದಕ್ಕಿಂತ ಹೆಚ್ಚು ಜಗಳವಾಡಲು ಅವಳಲ್ಲಿ ಉಸಿರಿರಲಿಲ್ಲ.

ಮಣ್ಣು ಮುಚ್ಚಿದ್ದಾಯಿತು. ಒಂದು ಕೂಸಿಗೆ ಮೂರಾಳು ಉದ್ದದ ಗೋರಿ. ಕೇರಿಯವರು ಒಂದು ಕಡೆ, ಮೇಲೂರಿನವರು ಒಂದು ಕಡೆ ನಿಂತಿದ್ದರು. ಹಾನ್ಯಾ ಲೋಟದಿಂದ ಒಂದು ತೊಟ್ಟು ಬ್ರಾಂದಿಯನ್ನು ನೆಲಕ್ಕೆ ಚೆಲ್ಲಿದಳು. ಪಾದ್ರಿ ಸಾವಿನ ಪುಸ್ತಕ ತೆರೆದು ಪೆನ್ಸಿಲ್ ಹಿಡಿದರು.

"ಮಗುವಿನ ಹೆಸರು ಏನಮ್ಮ?"

ಗಿಜೆಲಾ ಬಾಗಿ ಗೋರಿಯ ಮೇಲಿನ ಒಂದು ಹೆಂಟೆ ಒಡೆದು ಸಮ ಮಾಡಿದಳು.

"ಬರೀಬೇಕಲ್ಲ. ಹೆಸರು ಹೇಳು."

"ಹನ್ನೊಂದು ದಿನ ಕೂಗಿದೀವಿ," ಎಂದಳು ಅವಳು. ಗಂಟಲು ಹರಿದು ಹೋಗಿತ್ತು. "ಈಗ ಮಣ್ಣಾಯ್ತು. ಇನ್ನು ಅವಳು ಮಲಗಬೇಕು. ನಾನು ಆ ಹೆಸರು ಹಿಡಿಯಲ್ಲ, ನಮ್ಮವರು ಯಾರೂ ಹಿಡಿಯಲ್ಲ. ನಿಮಗೆಲ್ಲ ಗೊತ್ತಲ್ಲ. ನೀವು ಹೇಳಿ."

ಪಾದ್ರಿ ಮೇಲೂರಿನವರ ಕಡೆ ತಿರುಗಿದರು. ಅವರಿಗೂ ಗೊತ್ತಿತ್ತು, ಬರೆದುಕೊಳ್ಳಲಿಲ್ಲ. ಸೋಪ್ಕೊ ತನ್ನ ಅಂಗೈಯ ಬೊಬ್ಬೆ ನೋಡಿಕೊಳ್ಳುತ್ತಿದ್ದ. ಅವನ ತಮ್ಮಂದಿರು ಬೂಟು ನೋಡುತ್ತಿದ್ದರು. ಹಗ್ಗದಾಟದ ಹುಡುಗಿಯರು ತಾಯಂದಿರ ಲಂಗ ಹಿಡಿದು ತುಟಿ ಕಚ್ಚಿದ್ದರು. ಮಳೆಯ ಮೊದಲ ಹನಿ ಪುಸ್ತಕದ ಮೇಲೆ ಬಿತ್ತು.

ಪಾವ್ಲಿನಾ ಗಂಡನ ಪಕ್ಕದಿಂದ ಎರಡು ಹೆಜ್ಜೆ ಮುಂದೆ ಬಂದಳು.

"ರುಪುನಿ," ಎಂದಳು. "ರುಪುನಿ ಅಂತ ಬರ್ಕೊಳ್ಳಿ ಫಾದರ್. ಆರು ವಾರದ ಕೂಸು. ಗೇಟಿಗೆ ಬೀಗ ಹಾಕಿದ್ದು ನಮ್ಮ ಮನೆಯವರು. ಅದನ್ನೂ ಬರ್ಕೊಳ್ಳಿ."